ಗೃಹ ವಿಡಿಯೊ ಸಂಗ್ರಹ

ಮನೆಯಲ್ಲಿ ಅಥವಾ ಸಣ್ಣ ಸ್ಟುಡಿಯೊದಲ್ಲಿ ಚಿತ್ರೀಕರಿಸಿದ ದೃಶ್ಯಗಳನ್ನು ಸಂಕಲನ ಮಾಡಲು ಮತ್ತು ಮುಂದಿನ ತಲೆಮಾರಿಗೆ ಉಳಿಸಲು ಬಳಸುವ ಡಿಸ್ಕು, ಕಾರ್ಡು, ಟೇಪುಗಳ ವ್ಯವಸ್ಥೆ. ಇದರಲ್ಲಿ ಎರಡು ಬೇರೆ ಬೇರೆ ಕೆಲಸಗಳು ಸೇರಿವೆ. ಸಂಕಲನಕ್ಕೆ ವೇಗ ಬೇಕು. ಉಳಿಸುವುದಕ್ಕೆ ಹಲವು ಪ್ರತಿಗಳು ಬೇಕು, ಅವು ಒಂದರಿಂದೊಂದು ದೂರದಲ್ಲಿರಬೇಕು. ಎರಡನ್ನೂ ಒಂದೇ ಡಿಸ್ಕಿನ ಮೇಲೆ ಹೊರಿಸಿದರೆ ಆ ಡಿಸ್ಕು ಕೆಟ್ಟ ದಿನ ಎಲ್ಲವೂ ಹೋಗುತ್ತದೆ.

ಮಹತ್ವ

ಇಂಥ ಸಂಗ್ರಹ ಏಕೆ ಬೇಕು ಎಂಬುದಕ್ಕೆ ಬೀದರ್ ಜಿಲ್ಲೆಯ ಕಮಲನಗರವನ್ನು ನೋಡಬಹುದು. ಅದು ಹಿಂದೆ ಔರಾದ್ ತಾಲ್ಲೂಕಿಗೆ ಸೇರಿತ್ತು, ಈಗ ಸ್ವತಂತ್ರ ತಾಲ್ಲೂಕು ಕೇಂದ್ರ. ಮಹಾರಾಷ್ಟ್ರಕ್ಕೆ ಅಂಟಿಕೊಂಡ ಈ ಸೀಮೆಯಲ್ಲಿ ಕನ್ನಡ, ಮರಾಠಿ, ಉರ್ದು, ಲಂಬಾಣಿ ಮಾತುಗಳು ಒಟ್ಟಿಗೆ ಬೆಳೆದಿವೆ. ಮದುವೆ ಮನೆಯ ಸೋಬಾನೆ, ಔರಾದಿನ ಅಮರೇಶ್ವರ ಜಾತ್ರೆ, ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನ ಜಾತ್ರೆ, ಶರಣರ ಪ್ರವಚನ, ತಾಂಡಾಗಳ ಹಾಡು ಇವುಗಳ ದನಿ, ಧಾಟಿ, ಮುಖಚಹರೆ ಬರಹಕ್ಕೆ ದಕ್ಕುವುದಿಲ್ಲ. ಮನೆಮನೆಯ ವಿಡಿಯೊದಲ್ಲಿ ಉಳಿಯುತ್ತವೆ. ನಿಜಾಮರ ಆಳ್ವಿಕೆಯ ಕಾಲದಲ್ಲಿ ಮಕ್ಕಳಿಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು (1890–1999) ಹುಟ್ಟಿದ್ದು ಕಮಲನಗರದಲ್ಲಿ. ಅವರ ಕೊನೆಯ ವರ್ಷಗಳು ವಿಎಚ್‌ಎಸ್ ಕ್ಯಾಸೆಟ್ಟಿನ ಕಾಲ. ಆ ಪೀಳಿಗೆಯ ಹಿರಿಯರು ಕಾಣುವ ಟೇಪು ಯಾರ ಮನೆಯಲ್ಲಿದ್ದರೂ ಅದು ಊರಿನ ದಾಖಲೆ.

ಪ್ರತಿ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದ ಮೊದಲ ವಾಕ್ಚಿತ್ರವೇ ಸಾಕ್ಷಿ. 1934ರಲ್ಲಿ ತೆರೆಕಂಡ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ನೋಡಲು ಸಿಗದು. ದಾಖಲೆಯಿಂದ ಏನು ಸಾಧ್ಯ ಎಂಬುದಕ್ಕೆ ಕರಾವಳಿಯ ಉದಾಹರಣೆಯಿದೆ. ಗೋಪಾಲ ನಾಯ್ಕರು ಹಾಡಿದ ತುಳುವಿನ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ.ಎ. ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡನೆ 1990ರಲ್ಲಿ ದಾಖಲಿಸಿಕೊಂಡರು. 1998ರಲ್ಲಿ ಅದು ಗ್ರಂಥವಾಗಿ ಹೊರಬಂತು.

ಗಾತ್ರದ ಲೆಕ್ಕ

ಕ್ಯಾಮೆರಾದ ಬಿಟ್‌ರೇಟನ್ನು (ಸೆಕೆಂಡಿಗೆ ಇಷ್ಟು ಮೆಗಾಬಿಟ್) 0.45ರಿಂದ ಗುಣಿಸಿದರೆ ಒಂದು ಗಂಟೆಯ ದೃಶ್ಯಕ್ಕೆ ಬೇಕಾಗುವ ಗಿಗಾಬೈಟ್ ಸಿಗುತ್ತದೆ. 100 ಮೆಗಾಬಿಟ್‌ನ 4ಕೆ ದೃಶ್ಯಕ್ಕೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾಗಳು ಮದುವೆಯೊಂದನ್ನು ಆರಾರು ಗಂಟೆ ಹಿಡಿದರೆ 540 ಜಿಬಿ. ಅದನ್ನೇ ಸಂಕಲನಕ್ಕೆಂದು ಪ್ರೋರೆಸ್ 422 ರೂಪಕ್ಕೆ ಬದಲಿಸಿದರೆ ಗಂಟೆಗೆ ಸುಮಾರು 220 ಜಿಬಿ ತುಂಬುತ್ತದೆ. ಡಿಸ್ಕಿನ ಮೇಲೆ 1 ಟಿಬಿ ಎಂದಿದ್ದರೂ ವಿಂಡೋಸ್ ತೋರಿಸುವುದು 931 ಜಿಬಿ. ಎಣಿಕೆಯ ಪದ್ಧತಿ ಬೇರೆಯಾದ್ದರಿಂದ ಈ ವ್ಯತ್ಯಾಸ, ಡಿಸ್ಕಿನಲ್ಲಿ ದೋಷವಿಲ್ಲ.

ಸಂಕಲನದ ಡಿಸ್ಕು

ಹಾರ್ಡ್‌ಡಿಸ್ಕು ಒಂದೇ ಕಡತವನ್ನು ಸೆಕೆಂಡಿಗೆ 150ರಿಂದ 250 ಎಂಬಿಯಷ್ಟು ಓದಬಲ್ಲದು. ಮೇಲಿನ 4ಕೆ ದೃಶ್ಯಕ್ಕೆ ಬೇಕಾದದ್ದು 12.5 ಎಂಬಿ ಮಾತ್ರ. ಆದರೂ ಮೂರು ನಾಲ್ಕು ದೃಶ್ಯಗಳನ್ನು ಒಟ್ಟಿಗೆ ಜೋಡಿಸುವಾಗ ಓದುಮುಳ್ಳು ತಟ್ಟೆಯ ಮೇಲೆ ಅತ್ತಿಂದಿತ್ತ ಓಡಬೇಕಾಗುತ್ತದೆ, ಕೆಲಸ ತಡವರಿಸುತ್ತದೆ. ಚಲಿಸುವ ಭಾಗಗಳಿಲ್ಲದ ಎಸ್‌ಎಸ್‌ಡಿಗೆ ಈ ತೊಡಕಿಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಸುಮಾರು 550 ಎಂಬಿ ಓದಿದರೆ, ಎನ್‌ವಿಎಂಇ ಮಾದರಿ ಸಾವಿರಾರು ಎಂಬಿ ಓದುತ್ತದೆ. ಮನೆಯ ಸಂಕಲನಕ್ಕೆ ಮೊದಲನೆಯದೇ ಸಾಕು.

ಎಚ್.265ರಂಥ ಬಿಗಿಯಾಗಿ ಒತ್ತಿದ ದೃಶ್ಯ ತಡವರಿಸಿದರೆ ಹಲವು ಬಾರಿ ಕಾರಣ ಡಿಸ್ಕಲ್ಲ, ಅದನ್ನು ಬಿಡಿಸಬೇಕಾದ ಪ್ರೊಸೆಸರ್. ಆಗ ಹೊಸ ಡಿಸ್ಕು ಕೊಳ್ಳುವ ಬದಲು ಪ್ರಾಕ್ಸಿ ಎಂಬ ಹಗುರ ನಕಲು ಮಾಡಿಕೊಂಡು ಕತ್ತರಿಸಿ, ಕೊನೆಗೆ ಮೂಲದಿಂದ ಚಿತ್ರ ತೆಗೆಯಬೇಕು. ಡಾವಿಂಚಿ ರಿಸಾಲ್ವ್, ಕೆಡೆನ್‌ಲೈವ್ ತಂತ್ರಾಂಶಗಳಲ್ಲಿ ಈ ಸೌಲಭ್ಯವಿದೆ. ಎಫ್‌ಎಟಿ32 ಮಾದರಿಯ ಪೆನ್‌ಡ್ರೈವಿನಲ್ಲಿ 4 ಜಿಬಿ ಮೀರಿದ ಕಡತ ಹಿಡಿಸದು, ಎಕ್ಸ್‌ಫ್ಯಾಟ್ ಬಳಸಬೇಕು.

ಬ್ಯಾಕಪ್

ಛಾಯಾಗ್ರಾಹಕ ಪೀಟರ್ ಕ್ರೋ ಜನಪ್ರಿಯಗೊಳಿಸಿದ 3-2-1 ನಿಯಮ ಮನೆಗೂ ಹೊಂದುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ ಅಥವಾ ಬೇರೆ ಕಟ್ಟಡದಲ್ಲಿ. ಕಮಲನಗರದವರು ಮೂರನೆಯ ಪ್ರತಿಯನ್ನು ಭಾಲ್ಕಿಯಲ್ಲೋ ಬೀದರಿನಲ್ಲೋ ಇರುವ ನೆಂಟರ ಮನೆಯಲ್ಲಿಟ್ಟರೆ ಬೆಂಕಿ, ಕಳವು, ಸಿಡಿಲು ಮೂರರಿಂದಲೂ ಅದು ಪಾರು. ಅಂತರ್ಜಾಲದ ಸಂಗ್ರಹವೂ ಆಗಬಹುದು. ಆದರೆ ಸೆಕೆಂಡಿಗೆ 10 ಮೆಗಾಬಿಟ್ ಏರಿಸುವ ಸಂಪರ್ಕದಲ್ಲಿ 1 ಟಿಬಿ ಏರಲು ಒಂಬತ್ತು ದಿನಕ್ಕೂ ಹೆಚ್ಚು ಹಿಡಿಯುತ್ತದೆ. ಯೂಟ್ಯೂಬ್, ವಾಟ್ಸ್‌ಆ್ಯಪ್ ದೃಶ್ಯವನ್ನು ಮತ್ತೆ ಒತ್ತಿ ಚಿಕ್ಕದಾಗಿಸುವುದರಿಂದ ಅಲ್ಲಿರುವುದನ್ನು ಮೂಲಪ್ರತಿ ಎಂದು ಎಣಿಸಬಾರದು.

1988ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್‌ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ವಿವರಿಸಿದ, ಹಲವು ಡಿಸ್ಕುಗಳನ್ನು ಒಟ್ಟಿಗೆ ಜೋಡಿಸುವ ರೇಡ್ ವಿಧಾನದಲ್ಲಿ ಒಂದು ಡಿಸ್ಕು ಕೆಟ್ಟರೂ ಕೆಲಸ ನಿಲ್ಲದಂತೆ ಮಾಡಬಹುದು. ಆದರೆ ಕೈತಪ್ಪಿ ಅಳಿಸಿದ ಕಡತ ಜೋಡಿ ಡಿಸ್ಕಿನಿಂದಲೂ ಆ ಕ್ಷಣವೇ ಅಳಿಯುತ್ತದೆ. ಹೀಗಾಗಿ ರೇಡ್ ಬ್ಯಾಕಪ್ ಆಗಲಾರದು.

ದೀರ್ಘಕಾಲ ಎತ್ತಿಡಲು ಹಾರ್ಡ್‌ಡಿಸ್ಕೇ ಮೇಲು. ವಿದ್ಯುತ್ ಸೋಂಕದೆ ಕಪಾಟಿನಲ್ಲಿರುವ ಎಸ್‌ಎಸ್‌ಡಿಯ ಕೋಶಗಳಲ್ಲಿನ ವಿದ್ಯುದಂಶ ನಿಧಾನವಾಗಿ ಸೋರುತ್ತದೆ, ಸೆಕೆ ಹೆಚ್ಚಿದಂತೆ ಸೋರಿಕೆಯೂ ಹೆಚ್ಚು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬೀದರ್ ಸೀಮೆಯಲ್ಲಿ ಇದನ್ನು ಮರೆಯಬಾರದು. ತಗಡಿನ ಚಾವಣಿಯ ಕೋಣೆ, ಅಟ್ಟ ಬೇಡ. ಮಳೆಗಾಲಕ್ಕೆ ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬಿ ಬೇಕು. ನಕಲು ನಡೆಯುವಾಗ ಕರೆಂಟು ಹೋದರೆ ಕಡತ ಹಾಳಾಗಬಹುದಾದ್ದರಿಂದ ಯುಪಿಎಸ್ ಅಗತ್ಯ.

ಹಳೆಯ ಟೇಪುಗಳು

ವಿಸಿಆರ್ ಯಂತ್ರಗಳ ಕೊನೆಯ ತಯಾರಕ ಸಂಸ್ಥೆ, ಜಪಾನಿನ ಫುನಾಯ್, 2016ರಲ್ಲಿ ಉತ್ಪಾದನೆ ನಿಲ್ಲಿಸಿತು. ಟೇಪು ಚೆನ್ನಾಗಿದ್ದರೂ ಓಡಿಸುವ ಯಂತ್ರ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿದೆ. ಮಿನಿ ಡಿವಿಯ ಒಂದು ಗಂಟೆ ಸುಮಾರು 13 ಜಿಬಿ. ಕ್ಯಾಸೆಟ್ಟುಗಳ ಇಡೀ ಪೆಟ್ಟಿಗೆ ಒಂದು ಸಾಧಾರಣ ಡಿಸ್ಕಿನಲ್ಲಿ ಹಿಡಿಸುತ್ತದೆ.

ನಿತ್ಯಕ್ರಮ

ಎರಡು ಪ್ರತಿಯಾಗುವವರೆಗೆ ಕ್ಯಾಮೆರಾದ ಕಾರ್ಡನ್ನು ಅಳಿಸಬಾರದು. ಕಡತದ ಹೆಸರಿನಲ್ಲಿ ದಿನಾಂಕ, ಊರು, ಸಂದರ್ಭ ಇರಲಿ. ಕಾಣುವ ಹಿರಿಯರ ಹೆಸರು, ಹಾಡಿನ ವಿವರ ಜೊತೆಯ ಪಠ್ಯಕಡತದಲ್ಲಿ ಇರಲಿ. ಚೆಕ್‌ಸಮ್ (ಕಡತದ ದತ್ತಾಂಶದಿಂದ ಲೆಕ್ಕಹಾಕುವ ಗುರುತುಸಂಖ್ಯೆ) ತೆಗೆದು ಪ್ರತಿಗಳನ್ನು ಹೋಲಿಸಬೇಕು, ವರ್ಷಕ್ಕೊಮ್ಮೆ ತೆರೆದು ನೋಡಬೇಕು, ಡಿಸ್ಕು ಹಳತಾದಂತೆ ಹೊಸದಕ್ಕೆ ವರ್ಗಾಯಿಸಬೇಕು. ಕೈಯಲ್ಲಿ ಹಣ ಕಡಿಮೆಯಿದ್ದರೆ ಮೊದಲು ಕೊಳ್ಳಬೇಕಾದದ್ದು ಎರಡನೆಯ ಹಾರ್ಡ್‌ಡಿಸ್ಕು, ಅನಂತರ ಬೇರೆ ಊರಿನ ಪ್ರತಿಗೆ ಮೂರನೆಯದು, ಕೊನೆಗೆ ವೇಗದ ಎಸ್‌ಎಸ್‌ಡಿ. ಸಂಕಲನ ನಿಧಾನವಾದರೂ ಒಂದು ದಿನ ಮುಗಿಯುತ್ತದೆ. ಪ್ರತಿಯಿಲ್ಲದೆ ಅಳಿದ ಜಾತ್ರೆಯನ್ನು, ತೀರಿಹೋದ ಅಜ್ಜಿಯ ಹಾಡನ್ನು ಮತ್ತೆ ಚಿತ್ರೀಕರಿಸಲಾಗದು.