ಜುಲ್ಫಾರಿನ ದಂಡೆಯಲ್ಲಿ ಭಟ್ಕಳದ ಅಕ್ಕಿ

ಜಪಾನಿಗೆ ಹೋಗಿ ಅಲ್ಲಿಯ ಬಿಸಿನೀರ ಬುಗ್ಗೆಗಳಲ್ಲಿ ಮೀಯಬೇಕು, ಕಡಲಂಚಿನಲ್ಲಿ ನಡೆಯಬೇಕು ಎಂಬುದು ನಮ್ಮ ಯಜಮಾನರ ಬಹುಕಾಲದ ಬಯಕೆ. ಅವರ ಮೊಣಕಾಲು ನೋವು ಅದಕ್ಕೆ ಸಮ್ಮತಿಸಲಿಲ್ಲ. "ಬುಗ್ಗೆಯೂ ಕಡಲೂ ಈ ದೇಶದಲ್ಲಿಯೇ ಇವೆಯಲ್ಲ" ಎಂದು ಕಳೆದ ಚಳಿಗಾಲದಲ್ಲಿ ನಾನೇ ಅವರನ್ನು ಹೊರಡಿಸಿದೆ. ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಮನೆಯನ್ನು ಸದ್ಯದಲ್ಲಿಯೇ ತೆರವು ಮಾಡಿ ನಾವು ಪುತ್ತೂರಿಗೆ ಮರಳುವವರು. ಈ ನೆಲಕ್ಕೂ ನಮಗೂ ಇರುವುದು ಸಂಬಳದ ನಂಟು ಮಾತ್ರ ಎಂಬುದು ಇವರ ದೃಢವಾದ ಅಭಿಪ್ರಾಯವಾಗಿತ್ತು.

ಮೊದಲು ರಾಸ್ ಅಲ್ ಖೈಮಾದ ಖತ್ ಬುಗ್ಗೆಗೆ ಹೋದೆವು. ಜಪಾನಿನ ಬುಗ್ಗೆಗಳಲ್ಲಿ ಹೆಚ್ಚಿನವುಗಳಿಗೆ ಜ್ವಾಲಾಮುಖಿಗಳ ಶಾಖ. ಇಲ್ಲಿ ಜ್ವಾಲಾಮುಖಿಯಿಲ್ಲ, ಹಜರ್ ಪರ್ವತಗಳ ಮೇಲೆ ಸುರಿದ ಮಳೆ ಕಲ್ಲಿನ ಬಿರುಕುಗಳಲ್ಲಿ ಆಳಕ್ಕಿಳಿದು, ಕಾದು, ಮೇಲೇರುತ್ತದೆ. ನೀರಿಗೆ ಕಾಲಿಟ್ಟೊಡನೆ ನನಗೆ ನಮ್ಮ ಇರ್ದೆಯ ಬೆಂದ್ರ್‌ತೀರ್ಥ ನೆನಪಾಯಿತು. ತುಳುವಿನಲ್ಲಿ 'ಬೆಂದ್ರ್' ಎಂದರೆ ಬಿಸಿನೀರೇ.

ಮರುದಿನ ಬೆಳಿಗ್ಗೆ ಕಡಲ ಕಡೆಗೆ ನಡೆದೆವು. ನಿಜಕ್ಕೂ ಹೇಳಬೇಕಾದ ವಿಷಯ ಇಲ್ಲಿದೆ. ಇಂದಿನ ರಾಸ್ ಅಲ್ ಖೈಮಾ ನಗರದ ಉತ್ತರಕ್ಕಿರುವ ಮರಳುದಿಬ್ಬಗಳ ಅಡಿಯಲ್ಲಿ ಜುಲ್ಫಾರ್ ಎಂಬ ಪಟ್ಟಣ ಮಲಗಿದೆ. ಹದಿನಾಲ್ಕನೆಯ ಶತಮಾನದಿಂದ ಹೆಚ್ಚುಕಡಮೆ ಮುನ್ನೂರು ವರ್ಷ ಬಾಳಿದ, ಹೋರ್ಮುಜ್ ರಾಜ್ಯಕ್ಕೆ ಸೇರಿದ್ದ ಬಂದರು. ಪ್ರಸಿದ್ಧ ನಾವಿಕ ಇಬ್ನ್ ಮಾಜಿದನ ಊರೆಂದೂ ಅದಕ್ಕೆ ಖ್ಯಾತಿ. ಅದನ್ನು ಅಗೆದವರಲ್ಲಿ ಜಪಾನಿನ ಕನಜಾವಾ ವಿಶ್ವವಿದ್ಯಾಲಯದ ತತ್ಸುವೊ ಸಸಾಕಿಯವರ ತಂಡವೂ ಒಂದು. ಚೀನಾದ ಪಿಂಗಾಣಿಯ ಚೂರುಗಳು ಅಲ್ಲಿ ಹೇರಳವಾಗಿ ದೊರೆತವು. ನಾವು ಜಪಾನಿಗೆ ಹೋಗಲಾರದೆ ಬಂದ ಸ್ಥಳಕ್ಕೆ ಜಪಾನೇ ಬಂದು ಅಗೆದಿತ್ತು ಎಂದು ಇವರು ನಕ್ಕರು.

ಹದಿನಾರನೆಯ ಶತಮಾನದ ಎರಡನೆಯ ದಶಕದಲ್ಲಿ ಬರೆದ ಪೋರ್ಚುಗೀಸ್ ದುವಾರ್ತೆ ಬಾರ್ಬೋಸಾ ಎರಡು ಊರುಗಳನ್ನು ವರ್ಣಿಸಿದ್ದಾನೆ. ಜುಲ್ಫಾರಿನಲ್ಲಿ ಮುತ್ತು ತೆಗೆಯುತ್ತಾರೆ, ಹೋರ್ಮುಜಿನ ವರ್ತಕರು ಅದನ್ನು ಕೊಂಡು ಭಾರತಕ್ಕೆ ಒಯ್ಯುತ್ತಾರೆ ಎನ್ನುತ್ತಾನೆ. ಭಟ್ಕಳದ ವಿಷಯಕ್ಕೆ ಬಂದಾಗ, ಹೋರ್ಮುಜಿನ ಹಡಗುಗಳು ಕುದುರೆಗಳನ್ನೂ ಮುತ್ತುಗಳನ್ನೂ ಇಳಿಸಿ ಬಿಳಿಯ ಅಕ್ಕಿ, ಸಕ್ಕರೆಪುಡಿ, ಕಬ್ಬಿಣಗಳನ್ನು ತುಂಬಿಕೊಂಡು ಹೋಗುತ್ತವೆಂದು ಬರೆಯುತ್ತಾನೆ. ಆ ಕುದುರೆಗಳು ಘಟ್ಟ ಹತ್ತಿ ವಿಜಯನಗರ ಸೇರುತ್ತಿದ್ದವು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ರಾಯಭಾರಿ ಅಬ್ದುರ್ ರಜಾಕನೂ ಹೋರ್ಮುಜಿನಲ್ಲಿ ಹಡಗು ಹತ್ತಿ, ಕಲ್ಲಿಕೋಟೆ ಮಂಗಳೂರುಗಳನ್ನು ಹಾದು ಹೋದವನು.

ಬಿ.ಎ. ತರಗತಿಯಲ್ಲಿ "ಕುದುರೆಗಳು ಅರಬ್ ದೇಶಗಳಿಂದ ಬರುತ್ತಿದ್ದವು" ಎಂಬ ಒಂದು ವಾಕ್ಯವನ್ನು ಬಾಯಿಪಾಠ ಮಾಡಿ ನಾನು ಅಂಕ ಗಳಿಸಿದ್ದೆ. ಆ ಕುದುರೆಗೆ ಪ್ರತಿಯಾಗಿ ಏನು ಹೋಯಿತೆಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮ ಗದ್ದೆಗಳ ಅಕ್ಕಿಯಾದರೋ ಮರಳುಗಾಡಿನ ಜನರ ಹಸಿವು ನೀಗಿಸಿತು. ಅದನ್ನು ಬೆಳೆದವರ ಹೆಸರು ಯಾವ ಶಾಸನದಲ್ಲಿಯೂ ಇಲ್ಲ. 1515ರಲ್ಲಿ ಪೋರ್ಚುಗೀಸರು ಹೋರ್ಮುಜನ್ನು ವಶಪಡಿಸಿಕೊಂಡ ಮೇಲೆ ಕುದುರೆ ವ್ಯಾಪಾರದ ಕಡಿವಾಣವೂ ಅವರ ಕೈಗೆ ಹೋಯಿತು. ಜುಲ್ಫಾರಿನವರು ಕ್ರಮೇಣ ಇಂದಿನ ರಾಸ್ ಅಲ್ ಖೈಮಾ ಕಡೆಗೆ ಸರಿದರು. ಭಟ್ಕಳದ ನವಾಯತರು ಇಂದಿಗೂ ದುಬೈಯಲ್ಲಿ ವ್ಯಾಪಾರ ಮಾಡುತ್ತಿದ್ದಾರೆ. ಅವರಿಗೆ ಈ ದಾರಿ ಹೊಸದಲ್ಲ.

ನಾನು ಬುತ್ತಿಯಲ್ಲಿ ಕುಚ್ಚಲಕ್ಕಿಯ ಗಂಜಿ, ಉಪ್ಪಿನಕಾಯಿ ತಂದಿದ್ದೆ. ದಂಡೆಯ ಮೇಲೆ ಕುಳಿತು ಇವರಿಗೆ ಇದನ್ನೆಲ್ಲ ಹೇಳಿದೆ. ಇವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ತಟ್ಟೆ ಮುಂದೆ ಚಾಚಿ, "ಇನ್ನೊಂದು ಸೌಟು ಬಡಿಸು" ಎಂದರು.