ಫ್ಲೋರೋಸಿಸ್ ಅರಿವಿನ ಹಾದಿ: ರಾಯಚೂರು ಸೀಮೆ ಮತ್ತು ವೈದ್ಯಕೀಯ ಗ್ರಂಥಾಲಯಗಳು

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯನ್ನು ಚರಿತ್ರೆಕಾರರು ಬಹುಮಟ್ಟಿಗೆ ಯುದ್ಧಗಳ ನೆಲೆಯಿಂದಲೇ ಪರಿಶೀಲಿಸಿದ್ದಾರೆ. ಈ ನೆಲಕ್ಕಾಗಿ ವಿಜಯನಗರ, ಬಹಮನಿ ಮತ್ತು ಬಿಜಾಪುರದ ಅರಸರು ಪದೇ ಪದೇ ಸೆಣಸಿದರು. ಆದರೆ ಹೊಳೆಯಿಂದ ದೂರವಿದ್ದ ಹಳ್ಳಿಗಳ ಜನ ಕುಡಿಯುವ ನೀರಿಗಾಗಿ ಬಾವಿಗಳನ್ನೂ ಈಚಿನ ದಶಕಗಳಲ್ಲಿ ಕೊಳವೆಬಾವಿಗಳನ್ನೂ ನೆಚ್ಚಿ ಬದುಕಿದವರು. ಇಲ್ಲಿನ ಗ್ರಾನೈಟ್ ಮತ್ತು ನೈಸ್ ಶಿಲೆಗಳ ಸಂದುಗಳಲ್ಲಿ ಸಂಚರಿಸುವ ಅಂತರ್ಜಲ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕವು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡನ್ನೂ, ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೂ ಒಪ್ಪುತ್ತದೆ. ರಾಯಚೂರು, ದೇವದುರ್ಗ, ಮಾನ್ವಿ, ಲಿಂಗಸುಗೂರು ಭಾಗಗಳ ಹಲವು ಕೊಳವೆಬಾವಿಗಳಲ್ಲಿ ಈ ಮಿತಿ ಮೀರಿರುವುದು ಕಂಡುಬಂದಿದೆ.

ಇದರ ಪರಿಣಾಮವೇ ಫ್ಲೋರೋಸಿಸ್. ಎಳೆವಯಸ್ಸಿನಲ್ಲಿ ಇಂಥ ನೀರು ಕುಡಿದವರ ಹಲ್ಲುಗಳ ಮೇಲೆ ಕಂದು ಪಟ್ಟೆಗಳು ಮೂಡುತ್ತವೆ. ಹಲವು ವರ್ಷ ಕುಡಿದವರ ಬೆನ್ನುಮೂಳೆ ಮತ್ತು ಕೀಲುಗಳು ಬಿಗಿಯುತ್ತವೆ. ಹೀಗೆ ಬಿಗಿದ ಎಲುಬನ್ನು ಮೊದಲಿನ ಸ್ಥಿತಿಗೆ ತರುವ ಔಷಧ ವೈದ್ಯಶಾಸ್ತ್ರದಲ್ಲಿಲ್ಲ. ರೋಗವನ್ನು ತಡೆಯುವುದೊಂದೇ ದಾರಿ. ತಡೆಯಬೇಕಾದರೆ ಮೊದಲು ತಿಳಿದಿರಬೇಕು. ಹೀಗಾಗಿ ಈ ರೋಗದ ಮಟ್ಟಿಗೆ ಮಾಹಿತಿಯೇ ಔಷಧದ ಸ್ಥಾನದಲ್ಲಿದೆ. ಆ ಮಾಹಿತಿ ಎಲ್ಲಿತ್ತು, ಅದನ್ನು ಹತ್ತಿರ ತಂದವರು ಯಾರು ಎಂಬುದು ಗ್ರಂಥಾಲಯ ಚರಿತ್ರೆಯ ಮುಖ್ಯ ಪ್ರಶ್ನೆಯಾಗುತ್ತದೆ.

ಈ ರೋಗದ ಅರಿವು ಭಾರತದಲ್ಲಿ ತಡವಾಗಿ ಹುಟ್ಟಿದ್ದಲ್ಲ. ಹೈದರಾಬಾದ್ ಸಂಸ್ಥಾನದ ಕೆಲವೆಡೆ ಜಾನುವಾರುಗಳಿಗೆ ತಗುಲಿದ್ದ ಇಂಥ ಕಾಯಿಲೆಯನ್ನು ಮಹಾಜನ್ ಎಂಬವರು 1934ರಲ್ಲಿಯೇ ವಾರ್ಷಿಕ ವರದಿಯೊಂದರಲ್ಲಿ ದಾಖಲಿಸಿದ್ದರು. 1937ರಲ್ಲಿ ಶಾರ್ಟ್, ಪಂಡಿತ್ ಮತ್ತು ರಾಘವಾಚಾರಿ ಅವರು ನೆಲ್ಲೂರು ಜಿಲ್ಲೆಯ ಜನರಲ್ಲಿ ಕಂಡ ಫ್ಲೋರೋಸಿಸ್ ಕುರಿತು ‘ಇಂಡಿಯನ್ ಮೆಡಿಕಲ್ ಗೆಜೆಟ್’ ಪತ್ರಿಕೆಯಲ್ಲಿ ಬರೆದರು. 1955ರಲ್ಲಿ ಎ.ಎಚ್. ಸಿದ್ದಿಕಿ ಅವರು ನಲ್ಗೊಂಡ ಜಿಲ್ಲೆಯ ರೋಗಿಗಳನ್ನು ಕುರಿತ ಲೇಖನವನ್ನು ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಪ್ರಕಟಿಸಿದರು. ಆಗ ನಲ್ಗೊಂಡ ಮತ್ತು ರಾಯಚೂರು ಒಂದೇ ಹೈದರಾಬಾದ್ ರಾಜ್ಯದ ಜಿಲ್ಲೆಗಳಾಗಿದ್ದವು ಎಂಬುದು ಗಮನಾರ್ಹ. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ ಸಂಶೋಧಕರು ಫ್ಲೋರೋಸಿಸ್ ಪೀಡಿತ ಪ್ರದೇಶದಲ್ಲಿ ಕಂಡ ಮೊಣಕಾಲು ವಕ್ರತೆಯ ಬಗ್ಗೆ ‘ಲ್ಯಾನ್ಸೆಟ್’ನಲ್ಲಿ ಬರೆದರು. ಅದೇ ದಶಕದಲ್ಲಿ ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯು ಆಲಮ್ ಮತ್ತು ಸುಣ್ಣ ಬಳಸಿ ನೀರಿನ ಫ್ಲೋರೈಡನ್ನು ತಗ್ಗಿಸುವ ‘ನಲ್ಗೊಂಡ ವಿಧಾನ’ವನ್ನು ರೂಪಿಸಿತು.

ಅರಿವು ಅದೇ ರಾಜ್ಯದ ಇನ್ನೊಂದು ಜಿಲ್ಲೆಯಲ್ಲಿ ಬೆಳೆದರೂ ಅದರ ದಾಖಲೆ ನೆಲೆಸಿದ್ದು ದೂರದ ಕಪಾಟುಗಳಲ್ಲಿ. 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿದಾಗ ಜಿಲ್ಲೆಯಲ್ಲಿ ವೈದ್ಯಕೀಯ ಕಾಲೇಜು ಇರಲಿಲ್ಲ. ಬಳ್ಳಾರಿಯಲ್ಲಿ 1961ರಲ್ಲಿ, ಗುಲ್ಬರ್ಗದಲ್ಲಿ 1963ರಲ್ಲಿ ಕಾಲೇಜುಗಳು ಆರಂಭವಾದವು. ಮಾನ್ವಿ ಅಥವಾ ದೇವದುರ್ಗದ ಸರ್ಕಾರಿ ವೈದ್ಯರು ಹಳೆಯ ಲೇಖನವೊಂದನ್ನು ನೋಡಬೇಕಾದರೆ ಇಂಥ ಊರುಗಳಿಗೆ ಹೋಗಬೇಕಿತ್ತು. ಅಲ್ಲಿಯೂ 1879ರಲ್ಲಿ ಅಮೆರಿಕೆಯ ಜಾನ್ ಶಾ ಬಿಲ್ಲಿಂಗ್ಸ್ ಆರಂಭಿಸಿದ ‘ಇಂಡೆಕ್ಸ್ ಮೆಡಿಕಸ್’ ಸೂಚಿಯ ದಪ್ಪ ಸಂಪುಟಗಳನ್ನು ತಿರುವಿ, ಲೇಖನದ ಸುಳಿವು ಹಿಡಿದು, ಆ ಪತ್ರಿಕೆ ಗ್ರಂಥಾಲಯದಲ್ಲಿದ್ದರೆ ಮಾತ್ರ ಓದಲು ಸಾಧ್ಯವಿತ್ತು. ಹೊರರೋಗಿಗಳ ಸಾಲಿನ ನಡುವೆ ದುಡಿಯುವ ವೈದ್ಯರಿಗೆ ಅದು ಸುಲಭಸಾಧ್ಯವಾದ ಕೆಲಸವಾಗಿರಲಿಲ್ಲ.

ಈ ದೂರವನ್ನು ಕಡಿಮೆ ಮಾಡಿದ್ದು ಆರೋಗ್ಯ ವಿಜ್ಞಾನ ಗ್ರಂಥಾಲಯಗಳ ಒಗ್ಗಟ್ಟಿನ ದುಡಿಮೆ. ಅಮೆರಿಕೆಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯವು 1964ರಲ್ಲಿ ಸೂಚಿಯನ್ನು ಕಂಪ್ಯೂಟರಿಗೆ ಅಳವಡಿಸಿತು. 1997ರಲ್ಲಿ ‘ಪಬ್‌ಮೆಡ್’ ಮೂಲಕ ಅದನ್ನು ಎಲ್ಲರಿಗೂ ಉಚಿತವಾಗಿ ತೆರೆಯಿತು. 2000ದಲ್ಲಿ ಆರಂಭವಾದ ‘ಪಬ್‌ಮೆಡ್ ಸೆಂಟ್ರಲ್’ ಸಂಗ್ರಹದಲ್ಲಿ ಇಂಡಿಯನ್ ಮೆಡಿಕಲ್ ಗೆಜೆಟಿನ ಹಳೆಯ ಸಂಪುಟಗಳೂ ಬ್ರಿಟಿಷ್ ಮೆಡಿಕಲ್ ಜರ್ನಲಿನ ಹಳೆಯ ಸಂಚಿಕೆಗಳೂ ಸೇರಿವೆ. 1937 ಮತ್ತು 1955ರ ಆ ಎರಡು ಲೇಖನಗಳನ್ನು ಇಂದು ರಾಯಚೂರಿನ ವಿದ್ಯಾರ್ಥಿ ಹಣ ತೆರದೆ ಓದಬಹುದು.

ಆದರೆ ಪ್ರಕಟವಾದುದೆಲ್ಲವೂ ಹೀಗೆ ಉಚಿತವಲ್ಲ. ಚಂದಾ ಬೆಲೆ ಹೆಚ್ಚಿರುವ ಪತ್ರಿಕೆಗಳನ್ನು ಒಂದೊಂದು ಕಾಲೇಜೂ ಪ್ರತ್ಯೇಕವಾಗಿ ತರಿಸುವುದು ಕಷ್ಟ. ಈ ಹಿನ್ನೆಲೆಯಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ ‘ಹೆಲಿನೆಟ್’ ಒಕ್ಕೂಟವನ್ನು ಆರಂಭಿಸಿ, ಸದಸ್ಯ ಕಾಲೇಜುಗಳಿಗೆ ವಿದ್ಯುನ್ಮಾನ ಪತ್ರಿಕೆಗಳನ್ನು ಒಟ್ಟಾಗಿ ಒದಗಿಸುವ ವ್ಯವಸ್ಥೆ ಮಾಡಿತು. ದೆಹಲಿಯ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ‘ಇಆರ್‌ಮೆಡ್’ ಒಕ್ಕೂಟ 2008ರಲ್ಲಿ ಬಂದಿತು. ಇದೇ ಅವಧಿಯಲ್ಲಿ ರಾಯಚೂರು ನಗರದಲ್ಲಿ ನವೋದಯ ವೈದ್ಯಕೀಯ ಕಾಲೇಜು ಮತ್ತು 2007ರಲ್ಲಿ ಸರ್ಕಾರದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಸ್ಥಾಪನೆಯಾದವು. ವೈದ್ಯಕೀಯ ಗ್ರಂಥಾಲಯ ಜಿಲ್ಲೆಯೊಳಗೇ ನೆಲೆಗೊಂಡಿತು.

ಪತ್ರಿಕೆಗಳು ದೊರೆತ ಮಾತ್ರಕ್ಕೆ ಮಾಹಿತಿ ದೊರೆತಂತಾಗುವುದಿಲ್ಲ. ಸರಿಯಾದ ಪದ ಹಿಡಿದು ಹುಡುಕುವುದು, ಸಿಕ್ಕಿದ್ದರಲ್ಲಿ ಗಟ್ಟಿಯನ್ನೂ ಜೊಳ್ಳನ್ನೂ ಬೇರ್ಪಡಿಸುವುದು ಗ್ರಂಥಪಾಲಕರ ವಿದ್ಯೆ. ಅಮೆರಿಕೆಯ ರೋಚೆಸ್ಟರ್ ಪ್ರದೇಶದಲ್ಲಿ ಆಸ್ಪತ್ರೆ ಗ್ರಂಥಾಲಯಗಳನ್ನು ಬಳಸಿದ 208 ವೈದ್ಯರನ್ನು ಕುರಿತು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗ್ರಂಥಾಲಯದಿಂದ ಪಡೆದ ಮಾಹಿತಿಯ ಕಾರಣ ರೋಗಿಯ ಆರೈಕೆಯಲ್ಲಿ ಏನಾದರೊಂದು ಬದಲಾವಣೆಯಾಯಿತೆಂದು ಹೇಳಿದವರು ಶೇಕಡ 80ರಷ್ಟು. ಫ್ಲೋರೋಸಿಸ್ ವಿಷಯದಲ್ಲಿ ಇದರ ಮಹತ್ವ ಇನ್ನೂ ಸ್ಪಷ್ಟ. ನೀರನ್ನು ಕುದಿಸಿ ಕುಡಿಯಿರಿ ಎಂಬ ಸಲಹೆ ವಾಂತಿಭೇದಿಯನ್ನು ತಡೆಯಲು ಸರಿಯಾದುದು. ಆದರೆ ಕುದಿಸುವುದರಿಂದ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಏರುತ್ತದೆ. ಒಳ್ಳೆಯ ಸಲಹೆಯೇ ತಪ್ಪಾದ ಸ್ಥಳದಲ್ಲಿ ನಿಷ್ಫಲವಾಗುವ ಬಗೆಯಿದು.

ಉಳಿದಿರುವುದು ಕೊನೆಯ ಹರದಾರಿ. ಹಿಂದೆ ಮಾನ್ವಿ ತಾಲ್ಲೂಕಿಗೆ ಸೇರಿದ್ದು ಈಗ ಸಿರವಾರ ತಾಲ್ಲೂಕಿನಲ್ಲಿರುವ ಮಲ್ಲಟದಂಥ ಊರಿನ ತಾಯಿಗೆ, ಮಗುವಿನ ಹಲ್ಲಿನ ಕಂದು ಪಟ್ಟೆ ನೀರಿನಿಂದ ಬಂದಿರಬಹುದೆಂದು ತಿಳಿಸುವವರು ಯಾರು? ಇಂಗ್ಲಿಷಿನ ಪತ್ರಿಕೆ ಆಕೆಯನ್ನು ಮುಟ್ಟದು. ಕನ್ನಡಕ್ಕೆ ವೈದ್ಯ ಬರವಣಿಗೆ ಹೊಸದಲ್ಲ. 14ನೆಯ ಶತಮಾನದ ಮಂಗರಾಜ ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಕನ್ನಡದಲ್ಲಿ ನಿರೂಪಿಸಿದನು. ಆಧುನಿಕ ಕಾಲದಲ್ಲಿ ಡಾ. ಅನುಪಮಾ ನಿರಂಜನ ಅವರ ‘ತಾಯಿ ಮಗು’ವಿನಂಥ ಕೃತಿಗಳು ವೈದ್ಯರ ಮಾತನ್ನು ಮನೆಮನೆಗೆ ಮುಟ್ಟಿಸಿದವು. 1955ರ ಹೈದರಾಬಾದ್ ಗ್ರಂಥಾಲಯ ಕಾಯಿದೆ, 1965ರ ಕರ್ನಾಟಕದ ಕಾಯಿದೆಗಳು ಸಾರ್ವಜನಿಕ ಗ್ರಂಥಾಲಯಕ್ಕೆ ಆಧಾರ ಒದಗಿಸಿದವು. 2019ರಲ್ಲಿ ಗ್ರಾಮ ಪಂಚಾಯತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿ, ಮುಂದೆ ‘ಅರಿವು ಕೇಂದ್ರ’ ಎಂಬ ಹೆಸರು ಪಡೆದವು. ಕುಡಿಯುವ ನೀರಿನ ಹೊಣೆಯೂ ಓದಿನ ಹೊಣೆಯೂ ಹೀಗೆ ಒಂದೇ ಇಲಾಖೆಯಲ್ಲಿ ಕೂಡಿವೆ.

ವೈದ್ಯಕೀಯ ಕಾಲೇಜಿನ ಗ್ರಂಥಪಾಲಕರು ಹುಡುಕಿ ಆರಿಸಿದ್ದನ್ನು ಕನ್ನಡದಲ್ಲಿ ಎರಡು ಪುಟಗಳಿಗೆ ಇಳಿಸಿ, ಊರಿನ ನೀರಿನ ಪರೀಕ್ಷೆಯ ಫಲಿತಾಂಶದೊಂದಿಗೆ ಅರಿವು ಕೇಂದ್ರದ ಗೋಡೆಗೆ ಅಂಟಿಸುವುದು ದೊಡ್ಡ ವೆಚ್ಚದ ಕೆಲಸವಲ್ಲ. 1937ರಲ್ಲಿ ಅಚ್ಚಾದ ಅರಿವು ರಾಯಚೂರು ನಗರದವರೆಗೆ ಬರಲು ಎಪ್ಪತ್ತು ವರ್ಷಗಳಷ್ಟು ಹಿಡಿಯಿತು. ಅಲ್ಲಿಂದ ಮಲ್ಲಟದವರೆಗಿನ ದಾರಿ ಅದಕ್ಕಿಂತ ಬಹಳ ಚಿಕ್ಕದು.