ಪದರಗಳ ಎಣಿಕೆ ಮತ್ತು ಪದರಗಳ ಪರೀಕ್ಷೆ: ಕೋಲಾರದ ವಿದ್ಯುತ್ ಜಾಲವನ್ನು ಮುಂದಿಟ್ಟುಕೊಂಡು

ಕೋಲಾರ ಜಿಲ್ಲೆಯ ಗೌನಿಪಲ್ಲಿಯ ಸುತ್ತ ಮಾವಿನ ತೋಪುಗಳ ನಡುವೆ ಹಾದುಹೋಗುವ 11 ಕೆ.ವಿ. ಲೈನಿನ ಕಂಬ ಹತ್ತುವ ಮೊದಲು ಲೈನ್‌ಮ್ಯಾನ್ ಸ್ಟೇಷನ್ನಿಗೆ ಫೋನ್ ಮಾಡಿ ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ಪಡೆಯಬೇಕು. ಅಲ್ಲಿ ಆಪರೇಟರ್ ಬ್ರೇಕರ್ ತೆಗೆದು, ಪುಸ್ತಕದಲ್ಲಿ ಬರೆದು, ಬೋರ್ಡು ತಗುಲಿಸುತ್ತಾರೆ. ಇಷ್ಟಾದ ಮೇಲೂ ಕೆಲಸ ಬಲ್ಲ ಲೈನ್‌ಮ್ಯಾನ್ ತಂತಿ ಮುಟ್ಟುವುದಿಲ್ಲ. ಹತ್ತಿರದ ಜಿಒಎಸ್, ಅಂದರೆ ಕಂಬದ ಮೇಲಿನ ಸ್ವಿಚ್, ಬಿಡಿಸಿ, ತಂತಿಗೆ ಅರ್ಥ್ ರಾಡ್ ಹಾಕುತ್ತಾರೆ. ಎಲ್‌ಸಿ ಸರಿಯಾಗಿಯೇ ಇದ್ದರೂ ಯಾರದೋ ಜನರೇಟರಿನಿಂದ ವಿದ್ಯುತ್ ಹಿಂದಕ್ಕೆ ಹರಿಯಬಹುದು; ಪಕ್ಕದ ಫೀಡರಿನ ತಂತಿ ಎಲ್ಲೋ ತಗುಲಿರಬಹುದು. ಫೋನಿನಲ್ಲಿ ಕೇಳಿದ ಮಾತು ಸುಳ್ಳಾದರೂ ಅರ್ಥ್ ರಾಡ್ ತನ್ನ ಕೆಲಸ ಮಾಡುತ್ತದೆ. ಒಂದು ಪದರದ ಸೋಲು ಇನ್ನೊಂದಕ್ಕೆ ಹರಡದಿರುವುದೇ ಈ ಪದ್ಧತಿಯ ಜೀವಾಳ. ಕೈಗಾರಿಕಾ ಜಾಲಗಳ ಸೈಬರ್ ರಕ್ಷಣೆಯನ್ನು ಅಳೆಯಬೇಕಾದ್ದು ಈ ಗುಣದಿಂದ, ಪದರಗಳ ಸಂಖ್ಯೆಯಿಂದಲ್ಲ ಎಂಬುದು ಈ ಲೇಖನದ ವಾದ.

ಪದರಗಳ ಕಲ್ಪನೆ ಭದ್ರತೆಗಾಗಿ ಹುಟ್ಟಿದ್ದಲ್ಲ ಎಂಬುದನ್ನು ಮೊದಲು ನೆನೆಯಬೇಕು. 1990ರ ದಶಕದ ಆರಂಭದಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಥಿಯೊಡೋರ್ ವಿಲಿಯಮ್ಸ್ ಮತ್ತು ಅವರ ಜೊತೆಗಾರರು ಕಾರ್ಖಾನೆಯ ಗಣಕಗಳನ್ನು ಮಟ್ಟಗಳಾಗಿ ವಿಂಗಡಿಸಿದ್ದು ಕೆಲಸದ ಹಂಚಿಕೆಗೆ. ತಳದಲ್ಲಿ ಸೆನ್ಸರು, ಮೋಟಾರು; ಅವುಗಳ ಮೇಲೆ ಕಂಟ್ರೋಲರ್; ಆಮೇಲೆ ನಿಯಂತ್ರಣ ಕೊಠಡಿ; ಎಲ್ಲಕ್ಕೂ ಮೇಲೆ ಕಚೇರಿಯ ಲೆಕ್ಕಪತ್ರ. ಆ ಮಟ್ಟಗಳ ನಡುವಿನ ಗೆರೆಗಳ ಮೇಲೆ ಮುಂದೆ ಫೈರ್‌ವಾಲ್‌ಗಳು ಬಂದು ಕೂತವು. ಐಇಸಿ 62443 ಮಾನದಂಡಗಳು ಇಡೀ ಜಾಲವನ್ನು ವಲಯಗಳಾಗಿಯೂ ವಲಯಗಳ ನಡುವಿನ ದಾರಿಗಳಾಗಿಯೂ ನೋಡಲು ಕಲಿಸಿದವು. ನಕ್ಷೆ ಚೆನ್ನಾಗಿದೆ. ಆದರೆ ನಕ್ಷೆ ಬರೆದ ದಿನದ ಜಾಲ ಹತ್ತು ವರ್ಷದ ಮೇಲೆ ಅದೇ ಜಾಲವಾಗಿರುವುದಿಲ್ಲ.

ಇದಕ್ಕೆ ಕೋಲಾರ ಜಿಲ್ಲೆಯಲ್ಲೇ ಒಂದು ದೊಡ್ಡ ನಿದರ್ಶನವಿದೆ. ಒಡಿಶಾದ ತಾಲ್ಚೇರಿನಿಂದ ಕೋಲಾರಕ್ಕೆ ಸುಮಾರು 1,400 ಕಿ.ಮೀ. ಉದ್ದದ ±500 ಕೆ.ವಿ. ನೇರ ವಿದ್ಯುತ್ ಮಾರ್ಗ 2003ರಲ್ಲಿ ಕೆಲಸ ಆರಂಭಿಸಿತು. ಆಗ ಅದರ ಸಾಮರ್ಥ್ಯ 2,000 ಮೆಗಾವಾಟ್, ಮುಂದೆ 2,500. ಅಷ್ಟು ವಿದ್ಯುತ್ ಒಮ್ಮೆಗೇ ನಿಂತುಹೋದರೆ ದಕ್ಷಿಣದ ಜಾಲದ ಆವರ್ತನ ಕುಸಿಯುತ್ತದೆ. ಅದಕ್ಕಾಗಿ ವಿಶೇಷ ರಕ್ಷಣಾ ವ್ಯವಸ್ಥೆಯೊಂದನ್ನು ರೂಪಿಸಲಾಯಿತು. ಮಾರ್ಗ ಟ್ರಿಪ್ ಆದ ಕೂಡಲೇ ಕೋಲಾರದಿಂದ ಸಂಕೇತಗಳು ಹೊರಟು, ದಕ್ಷಿಣದ ರಾಜ್ಯಗಳ ಆಯ್ದ ಉಪಕೇಂದ್ರಗಳಲ್ಲಿ ಲೋಡನ್ನು ತಾವಾಗಿ ಕಡಿತಗೊಳಿಸುತ್ತವೆ. ಮನುಷ್ಯರು ಫೋನ್ ಎತ್ತುವಷ್ಟು ಪುರಸೊತ್ತು ಅಲ್ಲಿಲ್ಲ.

ಆ ಕಾಲದಲ್ಲಿ ದಕ್ಷಿಣದ ಜಾಲ ದೇಶದ ಉಳಿದ ಭಾಗಕ್ಕೆ ನೇರ ವಿದ್ಯುತ್ ಕೊಂಡಿಗಳ ಮೂಲಕ ಮಾತ್ರ ಜೋಡಣೆಯಾಗಿತ್ತು. ಈ ಪ್ರತ್ಯೇಕತೆಯೂ ಒಂದು ಪದರವೇ. 2012ರ ಜುಲೈ 30 ಮತ್ತು 31ರಂದು ಉತ್ತರದ, ಬಳಿಕ ಪೂರ್ವದ ಮತ್ತು ಈಶಾನ್ಯದ ಜಾಲಗಳು ಕುಸಿದಾಗ ದಕ್ಷಿಣದ ಜಾಲ ಉಳಿದುಕೊಂಡಿತು. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕೆ.ವಿ. ಮಾರ್ಗದ ಮೂಲಕ ದಕ್ಷಿಣವು ರಾಷ್ಟ್ರೀಯ ಜಾಲದೊಂದಿಗೆ ಒಂದಾಯಿತು. ಆ ದಿನ ಕೋಲಾರದ ಸ್ಟೇಷನ್ನಿನಲ್ಲಿ ಒಂದು ತಂತಿಯೂ ಬದಲಾಗದಿದ್ದರೂ ಅಲ್ಲಿನ ರಕ್ಷಣಾ ವ್ಯವಸ್ಥೆಯ ಅರ್ಥ ಬದಲಾಯಿತು. ಅಲ್ಲಿಂದ ಮುಂದೆ ತಾಲ್ಚೇರ್–ಕೋಲಾರ ಮಾರ್ಗ ನಿಂತರೆ ಮೊದಲಿನಂತೆ ಆವರ್ತನ ಕುಸಿಯುವುದಿಲ್ಲ. ಕೊರತೆಯ ವಿದ್ಯುತ್ತು ಹೊಸ ಮಾರ್ಗದ ಮೇಲೆ ನುಗ್ಗಿ ಅದಕ್ಕೇ ಭಾರವಾಗುತ್ತದೆ. ಯಾವ ಅಪಾಯವನ್ನು ಎಣಿಸಿ ಪದರವನ್ನು ಕಟ್ಟಲಾಗಿತ್ತೋ ಆ ಅಪಾಯವೇ ರೂಪ ಬದಲಿಸಿತು. ವಿದ್ಯುತ್ ಎಂಜಿನಿಯರುಗಳು ಇಂಥ ಮರುಪರಿಶೀಲನೆಯನ್ನು ಗಂಭೀರವಾಗಿ ಮಾಡುತ್ತಾರೆ, ಏಕೆಂದರೆ ತಪ್ಪಿದರೆ ದೀಪ ಆರುತ್ತದೆ. ಸೈಬರ್ ಪದರ ಹಳತಾದರೆ ಹಾಗೆ ಕಣ್ಣಿಗೆ ಕಾಣುವ ಗುರುತಿರುವುದಿಲ್ಲ, ಎಲ್ಲವೂ ನಿನ್ನೆಯಂತೆಯೇ ನಡೆಯುತ್ತಿರುತ್ತದೆ.

ಜಗತ್ತಿನ ದೊಡ್ಡ ಸೈಬರ್ ದಾಳಿಗಳು ಇದನ್ನೇ ಹೇಳುತ್ತವೆ. 2015ರ ಡಿಸೆಂಬರ್ 23ರಂದು ಉಕ್ರೇನಿನಲ್ಲಿ ಸುಮಾರು 2,25,000 ಗ್ರಾಹಕರ ವಿದ್ಯುತ್ ಹೋದಾಗ ದಾಳಿಕೋರರು ಫೈರ್‌ವಾಲನ್ನು ಒಡೆದು ಒಳಗೆ ಹೋಗಿರಲಿಲ್ಲ. ಕದ್ದ ಪಾಸ್‌ವರ್ಡಿನಿಂದ, ಸಿಬ್ಬಂದಿಗೆಂದೇ ಇಟ್ಟಿದ್ದ ದೂರಸಂಪರ್ಕದ ದಾರಿಯಲ್ಲಿ ಬಂದಿದ್ದರು. ಅಲ್ಲಿ ಕೆಲವೇ ಗಂಟೆಗಳಲ್ಲಿ ವಿದ್ಯುತ್ ಮರಳಿದ್ದು ಉಪಕೇಂದ್ರಗಳಿಗೆ ಹೋಗಿ ಕೈಯಿಂದ ಬ್ರೇಕರ್ ಹಾಕಬಲ್ಲ ಜನ ಇದ್ದುದರಿಂದ. ಆ ಕೈಗಳನ್ನೂ ಒಂದು ಪದರವೆಂದು ಲೆಕ್ಕಕ್ಕೆ ಹಿಡಿಯಬೇಕು, ಸಿಬ್ಬಂದಿ ಕಡಿತದ ಮಾತು ಬಂದಾಗಲಂತೂ ತಪ್ಪದೆ. 2017ರಲ್ಲಿ ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಘಟಕವೊಂದರ ಸುರಕ್ಷತಾ ಕಂಟ್ರೋಲರಿಗೆ ಟ್ರೈಟನ್ ಎಂಬ ಕುತಂತ್ರಾಂಶ ಹೊಕ್ಕಿತು. ಕಂಟ್ರೋಲರಿನ ಮೇಲಿನ ಕೀಲಿ ‘ರನ್’ ಸ್ಥಾನದಲ್ಲಿದ್ದರೆ ಹೊರಗಿನಿಂದ ಪ್ರೋಗ್ರಾಂ ಬದಲಿಸಲು ಆಗುತ್ತಿರಲಿಲ್ಲ. ಅದನ್ನು ‘ಪ್ರೋಗ್ರಾಂ’ ಸ್ಥಾನದಲ್ಲೇ ಬಿಡಲಾಗಿತ್ತು. ಲೆಕ್ಕಪತ್ರದಲ್ಲಿ ಪದರ ಇತ್ತು, ಕೀಲಿಯೂ ಇತ್ತು. ತಿರುಗಿಸಿ ಇಡುವ ಕೈ ಮಾತ್ರ ಇರಲಿಲ್ಲ.

ನಮ್ಮ ದೇಶದಲ್ಲಿ 2019ರ ಅಕ್ಟೋಬರಿನಲ್ಲಿ ಕೂಡಂಕುಳಂ ಅಣುಸ್ಥಾವರದ ಆಡಳಿತ ಜಾಲದ ಒಂದು ಗಣಕದಲ್ಲಿ ಕುತಂತ್ರಾಂಶ ಸಿಕ್ಕಿದ್ದನ್ನು ಅಣುವಿದ್ಯುತ್ ನಿಗಮ ಒಪ್ಪಿಕೊಂಡಿತು. ಸ್ಥಾವರದ ನಿಯಂತ್ರಣ ಜಾಲ ಅದರಿಂದ ಬೇರೆಯಾಗಿದೆ ಎಂದೂ ತಿಳಿಸಿತು. ಅಂದು ಆ ಗೆರೆ ನಿಂತಿತು. 2021ರ ಅಕ್ಟೋಬರಿನಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಹೊರಡಿಸಿದ ಸೈಬರ್ ಭದ್ರತಾ ಮಾರ್ಗಸೂಚಿ ಇಂಥ ಗೆರೆಯನ್ನೇ ಕಡ್ಡಾಯಮಾಡಿತು: ಇಂಟರ್‌ನೆಟ್ಟಿಗೆ ತೆರೆದ ಗಣಕಗಳಿಂದ ನಿಯಂತ್ರಣ ವ್ಯವಸ್ಥೆಗಳನ್ನು ಪೂರ್ತಿ ಬೇರ್ಪಡಿಸಬೇಕು, ದತ್ತಾಂಶವನ್ನು ಅನುಮತಿ ಪಡೆದ ಸಾಧನದಲ್ಲೇ ತಪಾಸಣೆ ಮಾಡಿ ಸಾಗಿಸಬೇಕು. ಮಾರ್ಗಸೂಚಿ ಒಳ್ಳೆಯದು, ತಡವಾಗಿಯಾದರೂ ಬಂದಿತು. ನನ್ನ ಆತಂಕ ಅದನ್ನು ಪಾಲಿಸುವ ರೀತಿಯ ಬಗೆಗೆ. ನಿಗದಿತ ತಿಂಗಳಲ್ಲಿ ಆಡಿಟ್ ಬರುತ್ತದೆ, ಪದರಗಳು ಇವೆಯೇ ಎಂದು ಗುರುತು ಹಾಕಿಕೊಳ್ಳಲಾಗುತ್ತದೆ. ಎರಡು ಫೈರ್‌ವಾಲ್‌ಗಳಿಗೆ ಒಂದೇ ಪಾಸ್‌ವರ್ಡ್ ಇದೆಯೇ, ಬ್ಯಾಕಪ್ ಪ್ರತಿಯೂ ಮೂಲ ಗಣಕದ ಖಾತೆಯಿಂದಲೇ ತೆರೆಯುತ್ತದೆಯೇ, ಎಚ್ಚರಿಕೆ ಕೊಡಬೇಕಾದ ಯಂತ್ರ ದಾಳಿಗೊಳಗಾದ ಜಾಲದ ಮೂಲಕವೇ ಎಚ್ಚರಿಕೆ ಕಳಿಸಬೇಕೇ ಎಂದು ಕೇಳುವುದು ಬೇರೆ ಬಗೆಯ ತಪಾಸಣೆ.

ಒಂದು ಪದರದ ಸೋಲು ಇನ್ನೊಂದಕ್ಕೆ ಹರಡಬಹುದೆಂಬ ಮಾತು ಕೋಲಾರದ ಜನಕ್ಕೆ ಹೊಸದಲ್ಲ. ಇಲ್ಲಿನ ಕೆರೆಗಳು ಸರಪಳಿಯಾಗಿ ಕಟ್ಟಿದವು. ಮೇಲಿನ ಕೆರೆಯ ಕೋಡಿ ಹರಿದರೆ ಕೆಳಗಿನ ಕೆರೆ ತುಂಬುತ್ತದೆ. ಸಾಧಾರಣ ಮಳೆಯಲ್ಲಿ ಪ್ರತಿ ಕೆರೆಯೂ ಕೆಳಗಿನದಕ್ಕೆ ರಕ್ಷಣೆ. ಆದರೆ ಮೇಲಿನ ಏರಿ ಒಡೆದರೆ ಅದೇ ಸರಪಳಿ ವಿನಾಶದ ದಾರಿ, ಒಂದರ ನೀರು ಇನ್ನೊಂದರ ಏರಿಯನ್ನು ಒಡೆಯುತ್ತಾ ಹೋಗುತ್ತದೆ. 1903ರ ನವೆಂಬರಿನಲ್ಲಿ ಪಾಲಾರ್ ಸೀಮೆಯ ಕೆರೆಗಳು ಹೀಗೆ ಒಡೆದು, ಪ್ರವಾಹ ಗಡಿಯಾಚೆಯ ವಾಣಿಯಂಬಾಡಿಯನ್ನು ಮುಳುಗಿಸಿತು. ಕೆರೆಗಳ ಸಂಖ್ಯೆ ಅಂದು ಯಾರನ್ನೂ ಕಾಯಲಿಲ್ಲ. ಏರಿಯ ಇಲಿಬಿಲವನ್ನೂ ತೂಬನ್ನೂ ದಿನವೂ ನೋಡಿಕೊಳ್ಳುವ ನೀರುಗಂಟಿಯ ಕಣ್ಣು ಒಂದು ಬಗೆಯ ನಿರ್ವಹಣೆ; ಸರಪಳಿಯನ್ನು ಇಡಿಯಾಗಿ ನೋಡಿ, ಮೇಲೆ ಹೊಸ ಕೆರೆ ಬಂದಾಗ ಕೆಳಗಿನ ಕೋಡಿಯ ಅಗಲ ಸಾಕೇ ಎಂದು ಅಳೆಯುವುದು ಇನ್ನೊಂದು. ಎರಡನ್ನೂ ಒಬ್ಬರಿಂದಲೇ, ಒಂದೇ ಆಡಿಟ್ಟಿನಿಂದಲೇ ನಿರೀಕ್ಷಿಸುವುದು ತಪ್ಪು.

ಮರುಪರಿಶೀಲನೆ ಕ್ಯಾಲೆಂಡರಿಗಿಂತ ಹೆಚ್ಚಾಗಿ ಬದಲಾವಣೆಯನ್ನು ಅನುಸರಿಸಬೇಕು: ಹೊಸ ರಿಲೇ ಬಂದಾಗ, ಗುತ್ತಿಗೆದಾರರು ಬದಲಾದಾಗ, ಪಕ್ಕದ ಜಾಲ ಜೋಡಣೆಯಾದಾಗ. ಬದಲಾವಣೆಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಡೆಗಣಿತವಾಗುವುದು ರಿಪೇರಿಗೆಂದು ತಾತ್ಕಾಲಿಕವಾಗಿ ತೆರೆದ ದಾರಿ. ಯಂತ್ರ ಮಾರಿದ ಕಂಪನಿಯ ತಂತ್ರಜ್ಞರಿಗೆ ದೂರದಿಂದ ಒಳಬರಲು ಒಂದು ಖಾತೆ ತೆರೆದುಕೊಡುತ್ತಾರೆ, ಕೆಲಸ ಮುಗಿಯುತ್ತದೆ, ಖಾತೆ ಉಳಿಯುತ್ತದೆ. ಇದಕ್ಕೆ ಮದ್ದು ಎಲ್‌ಸಿ ಪುಸ್ತಕದಲ್ಲೇ ಇದೆ. ಎಲ್‌ಸಿಯನ್ನು ಹೆಸರು ಹಿಡಿದು, ಸಮಯ ಬರೆದು ಕೊಡುತ್ತಾರೆ. ಪಡೆದವರೇ ವಾಪಸ್ ಮಾಡುವ ತನಕ ಲೈನ್ ಚಾರ್ಜ್ ಮಾಡುವುದಿಲ್ಲ. ನಿಯಂತ್ರಣ ಜಾಲದಲ್ಲಿ ತೆರೆಯುವ ಪ್ರತಿ ತಾತ್ಕಾಲಿಕ ದಾರಿಗೂ ಇಂಥದೇ ಪುಸ್ತಕವಿರಲಿ: ಯಾರಿಗೆ, ಯಾವ ಯಂತ್ರಕ್ಕೆ, ಎಷ್ಟು ಹೊತ್ತಿಗೆ, ವಾಪಸ್ ಮಾಡಿದವರು ಯಾರು. ತಿಂಗಳ ಕೊನೆಗೆ ವಾಪಸಾಗದೆ ಉಳಿದ ನಮೂದುಗಳನ್ನು ಎಣಿಸಿದರೆ ಮುಂದಿನ ಮರುಪರಿಶೀಲನೆ ಎಲ್ಲಿಂದ ಆರಂಭವಾಗಬೇಕೆಂಬುದು ಆ ಪುಟದಲ್ಲೇ ಸಿಗುತ್ತದೆ.